ಸೋತ ಮೇಲೆ ಸಿಕ್ಕ 42 ದಿನ

‘ಅರ್ಜಿದಾರರ ಎಲ್ಲ ದೂರುಗಳನ್ನೂ ವಜಾಗೊಳಿಸಲಾಗಿದೆ.’

2024ರ ಏಪ್ರಿಲ್‌ನ ಒಂದು ಬುಧವಾರ ಇಂಗ್ಲೆಂಡಿನ ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಈ ಸಾಲನ್ನು ಮೊಬೈಲಿನಲ್ಲಿ ಓದಿದೆ. 23 ಪುಟದ ತೀರ್ಪು. ಮೊದಲ ಪುಟ ಓದಿದ ಮೇಲೆ ಉಳಿದದ್ದನ್ನು ಓದುವ ಧೈರ್ಯ ಬರಲಿಲ್ಲ. ತಲೆ ಎತ್ತಿದಾಗ ನಾನು ಇಳಿಯಬೇಕಾದ ಸ್ಟಾಪ್ ಹಿಂದೆ ಉಳಿದಿತ್ತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಬಿಟ್ಟಾಕು ಪುಟ್ಟಿ, ಪರದೇಶದೋರ ಜೊತೆ ನಮಗ್ಯಾಕೆ’ ಅಂದಳು. ಪಕ್ಕದಲ್ಲಿದ್ದ ಅಪ್ಪ ಫೋನ್ ಇಸಿದುಕೊಂಡು, ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಗಾದೆ ಹೇಳಿದರು: ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ.’ ದೊಡ್ಡಪ್ಪ ಭಾಗದ ಕೇಸಿಗಾಗಿ 17 ವರ್ಷ ಕೋರ್ಟಿಗೆ ಅಲೆದದ್ದನ್ನು ಕಂಡವರು ಅವರು. ಅವರ ಮಾತಿಗೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ.

ತೀರ್ಪಿನ ಜೊತೆ ಇನ್ನೊಂದು ಹಾಳೆಯಿತ್ತು. ಮೇಲ್ಮನವಿ ಸಲ್ಲಿಸುವುದಿದ್ದರೆ 42 ದಿನದೊಳಗೆ ಸಲ್ಲಿಸಬೇಕು ಅಂತ. ಆ 42 ದಿನ ಮತ್ತು ಆಮೇಲಿನ ಒಂದೂವರೆ ವರ್ಷದ ಕಥೆ ಇದು. ವಿದೇಶಕ್ಕೆ ಓದಲು ಹೊರಟವರಿಗೂ ಇಲ್ಲೇ ಕೆಲಸ ಹುಡುಕುತ್ತಿರುವವರಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಹೆಸರು ಹೋಗಿ ‘ಬ್ಯಾಗ್ಸ್’ ಆದೆ

ನಾನು ತಿಪಟೂರು ತಾಲ್ಲೂಕಿನವಳು. ಅಪ್ಪನಿಗೆ ಮೂರು ಎಕರೆ ತೆಂಗಿನ ತೋಟ. ಬೆಂಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನಿಂದ 18 ಲಕ್ಷ ಸಾಲ ತೆಗೆದು, 2021ರ ಸೆಪ್ಟೆಂಬರಿನಲ್ಲಿ ಸಪ್ಲೈ ಚೈನ್ ವಿಷಯದಲ್ಲಿ ಎಂ.ಎಸ್ಸಿ. ಮಾಡಲು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ಗೆ ಹೋದೆ. ಓದುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಲು ಅವಕಾಶ. ಪಾರ್ಸೆಲ್ ಗೋದಾಮೊಂದರಲ್ಲಿ ರಾತ್ರಿ ಪಾಳಿ ಸಿಕ್ಕಿತು. ಬೆಲ್ಟಿನ ಮೇಲೆ ಬರುವ ಡಬ್ಬಿಗಳನ್ನು ಸ್ಕ್ಯಾನ್ ಮಾಡಿ ಊರುವಾರು ಜೋಡಿಸುವ ಕೆಲಸ. ಕೋರ್ಸ್ ಮುಗಿದ ಮೇಲೆ ಎರಡು ವರ್ಷದ ಗ್ರಾಜುಯೇಟ್ ವೀಸಾ ಬಂತು. ಅದೇ ಗೋದಾಮಿನಲ್ಲಿ ಪೂರ್ಣಾವಧಿಗೆ ಸೇರಿದೆ. ಟೀಮ್ ಲೀಡರ್ ಆದರೆ ಮುಂದೆ ಒಳ್ಳೆಯ ಕಂಪನಿಯೊಂದರಲ್ಲಿ ವೀಸಾ ಪ್ರಾಯೋಜಕತ್ವ ಸಿಗಬಹುದು ಎಂಬ ಲೆಕ್ಕ ನನ್ನದು.

ನನ್ನ ಹೆಸರು ‘ಭಾಗ್ಯ’ದಿಂದ ಶುರುವಾಗುತ್ತದೆ. ಪಾಳಿಯ ಮ್ಯಾನೇಜರ್ ಅದನ್ನು ‘ಬ್ಯಾಗ್ಸ್’ ಮಾಡಿದ. ‘ಬ್ಯಾಗ್ಸ್ ಬಂದಳು, ಎತ್ತಿ ಬೆಲ್ಟಿಗೆ ಹಾಕ್ರೋ’ ಅನ್ನುವುದು ದಿನದ ತಮಾಷೆ. ನಾಲ್ಕು ವ್ಯಂಜನ ಒಟ್ಟಿಗೆ ಬರುವ ಪೋಲೆಂಡಿನವರ ಹೆಸರುಗಳನ್ನು ಅವನು ಕಷ್ಟಪಟ್ಟು ಕಲಿತಿದ್ದ. ನನ್ನದನ್ನು ಕಲಿಯಲಿಲ್ಲ. ಭಾರತ, ಶ್ರೀಲಂಕಾದಿಂದ ಬಂದ ನಾವು ನಾಲ್ವರು ನಿಲ್ಲುವ ಸಾಲಿಗೆ ‘ಕರಿ ಲೇನ್’ ಅಂತ ಹೆಸರಿಟ್ಟ. ಊಟದ ಬಿಡುವಿನಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಬಂದು, ‘ಇಲ್ಲಿ ಇಂಗ್ಲಿಷ್ ಮಾತ್ರ, ಸುರಕ್ಷತೆಯ ನಿಯಮ’ ಅಂದ. ಅದೇ ಕೋಣೆಯಲ್ಲಿ ಇನ್ನಿಬ್ಬರು ಬೇರೆ ಭಾಷೆಯಲ್ಲಿ ಹರಟುತ್ತಿದ್ದರು. ಅವರಿಗೆ ಆ ನಿಯಮ ಇರಲಿಲ್ಲ.

ಟೀಮ್ ಲೀಡರ್ ಹುದ್ದೆಗೆ ಅರ್ಜಿ ಹಾಕಿದೆ. ನಾನೇ ಕೆಲಸ ಕಲಿಸಿಕೊಟ್ಟ, ಐದು ತಿಂಗಳ ಹಿಂದಷ್ಟೇ ಬಂದಿದ್ದ ಹುಡುಗನಿಗೆ ಅದು ಸಿಕ್ಕಿತು. ‘ನಿನ್ನ ಉಚ್ಚಾರಣೆ ಜನರಿಗೆ ಕಷ್ಟ’ ಅಂದರು. ಲಿಖಿತ ದೂರು ಕೊಟ್ಟೆ. ತಿಂಗಳೊಳಗೆ ವಾರಕ್ಕೆ ಐದಿದ್ದ ನನ್ನ ಪಾಳಿಗಳು ಮೂರಕ್ಕಿಳಿದವು. ಊರಲ್ಲಿ ಸಾಲದ ಕಂತು ಮಾತ್ರ ಇಳಿಯಲಿಲ್ಲ.

ನೀವು ಕೇಳಬಹುದು: ಅಷ್ಟು ದಿನ ಸುಮ್ಮನಿದ್ದೆಯಾ ಅಂತ. ಹೌದು. ಸುಮ್ಮನಿದ್ದದ್ದಷ್ಟೇ ಅಲ್ಲ, ನಗುತ್ತಲೂ ಇದ್ದೆ.

ಮೂರು ದಿನದ ವಿಚಾರಣೆ

ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಇದೆ. ಚರ್ಮದ ಬಣ್ಣ, ರಾಷ್ಟ್ರೀಯತೆ, ಜನಾಂಗೀಯ ಮೂಲ ಇವೆಲ್ಲವೂ ಅದರಲ್ಲಿ ‘ಜನಾಂಗ’ ಎಂಬ ಒಂದೇ ಪದದಡಿ ಬರುತ್ತವೆ. ನೇರ ತಾರತಮ್ಯ, ಕಿರುಕುಳ, ದೂರು ಕೊಟ್ಟದ್ದಕ್ಕೆ ಸೇಡು ಇವು ಬೇರೆ ಬೇರೆ ತಪ್ಪುಗಳು. ದೂರನ್ನು ಕೇಳುವುದು ಸಾಮಾನ್ಯ ಕೋರ್ಟಲ್ಲ, ಉದ್ಯೋಗ ನ್ಯಾಯಮಂಡಳಿ. ಅದಕ್ಕೂ ಮೊದಲು ‘ಏಕಾಸ್’ ಎಂಬ ಸಂಸ್ಥೆಯ ಮೂಲಕ ರಾಜಿಗೆ ಪ್ರಯತ್ನಿಸಿ, ಅದರ ಪ್ರಮಾಣಪತ್ರ ಪಡೆಯಬೇಕು. ಅರ್ಜಿಗೆ ಶುಲ್ಕವಿಲ್ಲ. 2013ರಲ್ಲಿ ಶುಲ್ಕ ಹೇರಿದ್ದರು. ಕಾರ್ಮಿಕ ಸಂಘವೊಂದು ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2017ರ ಜುಲೈನಲ್ಲಿ ಅದು ಕಾನೂನುಬಾಹಿರ ಎಂದಿತು. ಆ ತೀರ್ಪು ಇಲ್ಲದಿದ್ದರೆ ನನ್ನಂಥವಳು ಬಾಗಿಲನ್ನೂ ಮುಟ್ಟುತ್ತಿರಲಿಲ್ಲ.

ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ನಾನೇ ವಾದಿಸಿದೆ. ಒಬ್ಬ ನ್ಯಾಯಾಧೀಶರು, ಜೊತೆಗೆ ಇಬ್ಬರು ಸದಸ್ಯರು. ಕಂಪನಿ ಪರವಾಗಿ ಒಬ್ಬ ಬ್ಯಾರಿಸ್ಟರ್. ಅವರು ಜೋರು ಮಾಡಲಿಲ್ಲ, ಅವಮಾನಿಸಲಿಲ್ಲ. ತುಂಬ ಮೆದುವಾಗಿ ಕೇಳಿದರು:

‘ಆ ಹೆಸರಿನಿಂದ ಕರೆದಾಗ ನೀವೇನು ಮಾಡಿದಿರಿ?’

‘ನಕ್ಕೆ.’

‘ಎಷ್ಟು ಸಲ?’

‘ಪ್ರತಿ ಸಲವೂ.’

‘ಥ್ಯಾಂಕ್ಯೂ.’

ಅಷ್ಟೇ. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ತೀರ್ಪಿನಲ್ಲಿ ಅದೇ ಮಾತು ನನಗೆ ಎದುರಾಯಿತು. ‘ಅರ್ಜಿದಾರರೂ ನಕ್ಕಿದ್ದಾರೆ. ಆದ್ದರಿಂದ ಇದು ಸಹೋದ್ಯೋಗಿಗಳ ನಡುವಿನ ತಮಾಷೆ’ ಎಂಬ ಅರ್ಥದ ಎರಡು ಸಾಲು. ‘ಕರಿ ಲೇನ್’ ಎಂದದ್ದಕ್ಕೆ ಬರಹದ ಸಾಕ್ಷ್ಯವಿರಲಿಲ್ಲ. ಮ್ಯಾನೇಜರ್ ಹೇಳಿಲ್ಲ ಎಂದ, ಅವನ ಮಾತನ್ನು ನಂಬಿದರು. ಕನ್ನಡ ಮಾತಾಡಬೇಡ ಎಂದದ್ದು ಸುರಕ್ಷತೆಗಾಗಿ ಎಂದರು. ಸಂದರ್ಶನದಲ್ಲಿ ಆ ಹುಡುಗನಿಗೆ ಅಂಕ ಜಾಸ್ತಿ. ಕ್ರಿಸ್‌ಮಸ್ ಮುಗಿದ ಮೇಲೆ ಕೆಲಸ ಕಡಿಮೆಯಾದ್ದರಿಂದ ಪಾಳಿ ಇಳಿದವು. ಒಂದೊಂದು ಘಟನೆಯನ್ನೂ ಬೇರೆ ಬೇರೆ ಮಾಡಿ ನೋಡಿ, ಒಂದೊಂದನ್ನೂ ಪಕ್ಕಕ್ಕಿಟ್ಟಿದ್ದರು.

ಕೆಂಪು ಪೆನ್ನಿನ ಅಜ್ಜಿ

ಮೊದಲ ಹತ್ತು ದಿನ ಅಳುವುದರಲ್ಲೇ ಹೋಯಿತು. ಹನ್ನೊಂದನೇ ದಿನ ಸಿಟ್ಟು ಬಂತು. ಎರಡು ರಾತ್ರಿ ಕೂತು 14 ಪುಟದ ಮೇಲ್ಮನವಿ ಬರೆದೆ. ಅದನ್ನು ಹಿಡಿದುಕೊಂಡು ಊರಿನ ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋದೆ. ಅಲ್ಲಿ ವಾರಕ್ಕೊಮ್ಮೆ ಬಂದು ಕೂರುವ ನಿವೃತ್ತ ವಕೀಲೆಯೊಬ್ಬರು ಸಿಕ್ಕರು. ಎಪ್ಪತ್ತು ದಾಟಿದ ಬಿಳಿ ಅಜ್ಜಿ. ಕೆಂಪು ಪೆನ್ನು ತೆಗೆದು ನನ್ನೆದುರೇ ಓದತೊಡಗಿದರು. ‘ಅವನು ಸುಳ್ಳು ಹೇಳಿದ’ – ಗೆರೆ. ‘ನನ್ನ ಅನುಭವ ಅವನಿಗಿಂತ ಹೆಚ್ಚು’ – ಗೆರೆ. ‘ಸಾಕ್ಷಿಯನ್ನು ನಂಬಬಾರದಿತ್ತು’ – ಗೆರೆ. 14 ಪುಟ ಮುಗಿದಾಗ ಗೆರೆ ಬೀಳದೆ ಉಳಿದದ್ದು ಹೆಚ್ಚೆಂದರೆ ಹತ್ತು ಸಾಲು.

‘ಇವೆಲ್ಲ ಸಂಗತಿಗಳು. ಮೇಲ್ಮನವಿ ಇರುವುದು ಕಾನೂನಿನ ತಪ್ಪಿಗೆ’ ಅಂದರು.

ನನಗೆ ಅರ್ಥವಾಗಲು ಒಂದು ದಿನ ಬೇಕಾಯಿತು. ಕೊನೆಗೆ ಕ್ರಿಕೆಟ್ಟಿನಿಂದ ಅರ್ಥ ಮಾಡಿಕೊಂಡೆ. ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ ಎಂದರೆ ಮರುಪಂದ್ಯವಲ್ಲ, ಥರ್ಡ್ ಅಂಪೈರ್. ಮತ್ತೆ ಬೌಲ್ ಮಾಡಿಸುವುದಿಲ್ಲ, ಮತ್ತೆ ಬ್ಯಾಟ್ ಹಿಡಿಯಲು ಬಿಡುವುದಿಲ್ಲ. ಮೈದಾನದ ಅಂಪೈರ್ ನಿಯಮವನ್ನು ಸರಿಯಾಗಿ ಅನ್ವಯಿಸಿದರೇ ಎಂದಷ್ಟೇ ನೋಡುತ್ತದೆ. ಯಾರ ಮಾತು ನಂಬಬೇಕು ಎಂಬುದು ‘ಅಂಪೈರ್ಸ್ ಕಾಲ್’. ಯಾವ ವಿವೇಕಯುತ ನ್ಯಾಯಮಂಡಳಿಯೂ ಹಾಗೆ ತೀರ್ಮಾನಿಸಲು ಸಾಧ್ಯವೇ ಇರಲಿಲ್ಲ ಎಂದು ತೋರಿಸದ ಹೊರತು ಅದನ್ನು ಮುಟ್ಟುವುದಿಲ್ಲ.

ಹೊಸ ಸಾಕ್ಷ್ಯವೂ ನಡೆಯುವುದಿಲ್ಲ. ತೀರ್ಪು ಬಂದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬಳು ‘ಕರಿ ಲೇನ್’ ಎಂದು ಮ್ಯಾನೇಜರ್ ಕಳಿಸಿದ್ದ ವಾಟ್ಸ್‌ಆ್ಯಪ್ ಸಂದೇಶವನ್ನು ಹುಡುಕಿ ನನಗೆ ಕಳಿಸಿದಳು. ಕುಣಿದಾಡುವಷ್ಟು ಖುಷಿಯಾಯಿತು. ಅಜ್ಜಿ ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು. ‘ವಿಚಾರಣೆಗೆ ಮೊದಲು ಇವಳನ್ನು ಕೇಳಿದ್ದರೆ ಸಿಗುತ್ತಿತ್ತಲ್ಲವೇ?’ ಸಿಗುತ್ತಿತ್ತು. ಕೇಳಿರಲಿಲ್ಲ. ಅವಳಿಗೆ ತೊಂದರೆಯಾದೀತು ಅಂತ ಸುಮ್ಮನಿದ್ದೆ. ಮೊದಲೇ ಪಡೆಯಬಹುದಾಗಿದ್ದ ಸಾಕ್ಷ್ಯವನ್ನು ಮೇಲ್ಮನವಿಯಲ್ಲಿ ಒಪ್ಪುವುದಿಲ್ಲ. ಆ ಸಂದೇಶ ಈಗಲೂ ನನ್ನ ಫೋನಿನಲ್ಲಿದೆ.

ಅಜ್ಜಿ ನನಗೆ ಓದಲು ಕೊಟ್ಟ ಹಳೆಯ ತೀರ್ಪುಗಳಲ್ಲಿ ಒಂದು ನಮ್ಮ ಕಡೆಯ ಹೆಸರಿನದು. ನಾಗರಾಜನ್ ಎಂಬ ಭಾರತೀಯ ಮೂಲದವರು ಲಂಡನ್ನಿನ ಸಾರಿಗೆ ಸಂಸ್ಥೆಯ ವಿರುದ್ಧ ಹೂಡಿದ್ದ ಕೇಸು. ನಡುವಿನ ಹಂತಗಳಲ್ಲಿ ಸೋತವರು 1999ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದರು. ತಾರತಮ್ಯ ಮಾಡಿದವನಿಗೆ ತಾನು ಹಾಗೆ ಮಾಡುತ್ತಿದ್ದೇನೆಂಬ ಅರಿವು ಇರಬೇಕಾಗಿಲ್ಲ, ಅರಿವಿಲ್ಲದ ಪೂರ್ವಗ್ರಹವೂ ಸಾಕು ಎಂಬುದು ಆ ತೀರ್ಪಿನ ಸಾರ. 1963ರಲ್ಲಿ ಬ್ರಿಸ್ಟಲ್ ನಗರದ ಬಸ್ ಕಂಪನಿ ಕಪ್ಪು ಮತ್ತು ಏಷ್ಯನ್ ಜನರನ್ನು ಬಸ್ ಸಿಬ್ಬಂದಿಯಾಗಿ ಸೇರಿಸಿಕೊಳ್ಳುವುದಿಲ್ಲ ಎಂದಾಗ ಜನ ಬಸ್ಸನ್ನೇ ಬಹಿಷ್ಕರಿಸಿದ ಕಥೆಯನ್ನೂ ಅವರೇ ಹೇಳಿದರು. ಕಂಪನಿ ಮಣಿದ ಮೇಲೆ ಅಲ್ಲಿ ಕಂಡಕ್ಟರ್ ಆದ ಮೊದಲ ಬಿಳಿಯೇತರ ವ್ಯಕ್ತಿ ರಘಬೀರ್ ಸಿಂಗ್ ಎಂಬ ಸಿಖ್. ಜನಾಂಗೀಯ ತಾರತಮ್ಯದ ವಿರುದ್ಧ ಅಲ್ಲಿ ಮೊದಲ ಕಾಯ್ದೆ ಬಂದದ್ದು 1965ರಲ್ಲಿ. ಅದು ಉದ್ಯೋಗಕ್ಕೆ ವಿಸ್ತರಿಸಿದ್ದು 1968ರಲ್ಲಿ. ನಾನು ಕೂತು ವಾದಿಸಿದ ಕುರ್ಚಿಯನ್ನು ಯಾರೋ ಹೊತ್ತು ತಂದು ಹಾಕಿದ್ದರು ಎಂದು ಆಗ ತಿಳಿಯಿತು.

ಡೈರಿಯ ಒಂದು ಸಾಲು

ಉಳಿದ ಹತ್ತು ಸಾಲುಗಳಿಂದ ಮೂರು ಕಾರಣಗಳನ್ನು ಕಟ್ಟಿದೆವು.

ಮೊದಲನೆಯದು ನಗುವಿನದು. ಕಿರುಕುಳವೇ ಅಲ್ಲವೇ ಎಂದು ತೀರ್ಮಾನಿಸುವಾಗ ಅನುಭವಿಸಿದವರಿಗೆ ಅದು ಹೇಗೆ ಅನ್ನಿಸಿತು, ಉಳಿದ ಸಂದರ್ಭಗಳೇನು, ಹಾಗೆ ಅನ್ನಿಸಿದ್ದು ಸಮಂಜಸವೇ – ಈ ಮೂರನ್ನೂ ಪರಿಗಣಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ನನಗೆ ಡೈರಿ ಬರೆಯುವ ಅಭ್ಯಾಸ. ಕನ್ನಡದಲ್ಲಿ. ಅದರ ಪುಟಗಳನ್ನು ಇಂಗ್ಲಿಷಿಗೆ ಅನುವಾದಿಸಿ ದಾಖಲೆಗಳ ಕಟ್ಟಿನಲ್ಲಿ ಸೇರಿಸಿದ್ದೆ. 118ನೇ ಪುಟದಲ್ಲಿ ಹೀಗಿತ್ತು: ‘ಇವತ್ತೂ ನಕ್ಕೆ. ರೂಮಿಗೆ ಬಂದು ಅತ್ತೆ.’ 23 ಪುಟದ ತೀರ್ಪಿನಲ್ಲಿ ನನ್ನ ನಗು ಇತ್ತು, ಆ ಸಾಲು ಎಲ್ಲೂ ಇರಲಿಲ್ಲ. ಘಟನೆಗಳನ್ನು ಬಿಡಿಬಿಡಿಯಾಗಿ ನೋಡಿದರೇ ಹೊರತು ಒಟ್ಟಾಗಿ ನೋಡಲಿಲ್ಲ ಎಂಬುದನ್ನೂ ಇದಕ್ಕೇ ಸೇರಿಸಿದೆವು.

ಎರಡನೆಯದು ಭಾಷೆಯದು: ಬೆಲ್ಟಿನ ಹತ್ತಿರದ ಸುರಕ್ಷತಾ ನಿಯಮ ಊಟದ ಕೋಣೆಗೆ ಯಾಕೆ ಬೇಕು ಎಂದು ತೀರ್ಪು ವಿವರಿಸಿಲ್ಲ. ಮೂರನೆಯದು ಬಡ್ತಿಯದು: ತಾರತಮ್ಯ ನಡೆದಿರಬಹುದು ಎನ್ನಿಸುವಷ್ಟು ಸಂಗತಿಗಳನ್ನು ನಾನು ತೋರಿಸಿದರೆ, ನಡೆದಿಲ್ಲ ಎಂದು ಸಾಬೀತುಪಡಿಸುವ ಹೊಣೆ ಕಂಪನಿಯದಾಗುತ್ತದೆ. ಆ ಹೊಣೆಯ ಪ್ರಶ್ನೆಯನ್ನೇ ಎತ್ತಿಲ್ಲ.

ಇಲ್ಲೊಂದು ಎಚ್ಚರಿಕೆ. 42 ದಿನದ ಲೆಕ್ಕ ಶುರುವಾಗುವುದು ತೀರ್ಪು ನಮ್ಮ ಕೈಗೆ ಬಂದ ದಿನದಿಂದಲ್ಲ, ಅವರು ಕಳಿಸಿದ ದಿನದಿಂದ. ಬುಧವಾರ ಕಳಿಸಿದ್ದರೆ ಆರನೇ ವಾರದ ಬುಧವಾರ ಕೊನೆ. ಅದೂ ಸಂಜೆ ನಾಲ್ಕರೊಳಗೆ. ನಾಲ್ಕು ದಾಟಿದರೆ ಮರುದಿನದ ಲೆಕ್ಕ, ಅಂದರೆ ತಡ. ತೀರ್ಪು, ಅದರ ಕಾರಣಗಳು ಸೇರಿ ಬೇಕಾದ ದಾಖಲೆಗಳನ್ನೆಲ್ಲ ಲಗತ್ತಿಸಬೇಕು. ನಾನು 41ನೇ ದಿನ ಲೈಬ್ರರಿಯ ಕಂಪ್ಯೂಟರಿನಲ್ಲಿ ಕೂತು ಕಳಿಸಿದೆ. ಸಮಯ 3.40. ಕೈ ನಡುಗುತ್ತಿತ್ತು.

ಬೇಸಿಗೆ ಕಳೆಯುವ ಹೊತ್ತಿಗೆ ಉತ್ತರ ಬಂತು: ಮೂರರಲ್ಲಿ ಒಂದೂ ವಾದಯೋಗ್ಯವಲ್ಲ. ಎರಡನೇ ಸಲ ಸೋತೆ. ಆದರೆ 28 ದಿನದೊಳಗೆ ಕೇಳಿಕೊಂಡರೆ ನ್ಯಾಯಾಧೀಶರೆದುರು ನಿಂತು ‘ಇದರಲ್ಲಿ ವಾದಿಸುವಂಥದ್ದಿದೆ’ ಎಂದು ಹೇಳಲು ಒಂದು ಅವಕಾಶವಿದೆ. ಕೇಳಿಕೊಂಡೆ. ಅಕ್ಟೋಬರಿನಲ್ಲಿ ಲಂಡನ್ನಿನ ರೋಲ್ಸ್ ಬಿಲ್ಡಿಂಗಿನಲ್ಲಿ ವಿಚಾರಣೆ. ವಕೀಲರಿಲ್ಲದೆ ಬರುವವರಿಗಾಗಿ ಅಲ್ಲಿ ಬ್ಯಾರಿಸ್ಟರುಗಳು ಸರದಿಯಂತೆ ಬಂದು ಆ ದಿನದ ಮಟ್ಟಿಗೆ ಉಚಿತವಾಗಿ ನಿಲ್ಲುವ ಯೋಜನೆಯಿದೆ. ನನಗೆ ಸಿಕ್ಕವರು ಕಾರಿಡಾರಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ನನ್ನ ಮಾತು ಕೇಳಿ, ನಾನು ಆರು ತಿಂಗಳಲ್ಲಿ ಹೇಳಲಾಗದ್ದನ್ನು ಇಪ್ಪತ್ತು ನಿಮಿಷದಲ್ಲಿ ಹೇಳಿದರು. ನಗು ಮತ್ತು ಭಾಷೆಯ ಕಾರಣಗಳಿಗೆ ಅನುಮತಿ ಸಿಕ್ಕಿತು. ಬಡ್ತಿಯದು ಅಲ್ಲಿಗೇ ಮುಗಿಯಿತು.

ನವೆಂಬರಿನಲ್ಲಿ ವೀಸಾವೂ ಮುಗಿಯಿತು. ಎರಡು ಸೂಟ್‌ಕೇಸು ಮತ್ತು ಪುಟಸಂಖ್ಯೆ ಹಾಕಿದ ಒಂದು ಕಾಗದದ ಕಟ್ಟಿನೊಂದಿಗೆ ಊರಿಗೆ ಬಂದೆ.

ಮಧ್ಯಾಹ್ನ ಮೂರಕ್ಕೆ, ಯುಪಿಎಸ್ ನಂಬಿ

ಪೂರ್ಣ ವಿಚಾರಣೆ 2025ರ ಜೂನ್‌ನಲ್ಲಿ. ಅಲ್ಲಿ ಬೆಳಿಗ್ಗೆ ಹತ್ತೂವರೆ, ನಮ್ಮಲ್ಲಿ ಮಧ್ಯಾಹ್ನ ಮೂರು. ಮೇಲ್ಮನವಿಯಲ್ಲಿ ಸಾಕ್ಷಿ ಹೇಳುವುದಿಲ್ಲ, ಕಾನೂನಿನ ವಾದವಷ್ಟೇ. ಹಾಗಾಗಿ ಉಚಿತವಾಗಿ ಕೇಸು ಒಪ್ಪಿಕೊಂಡಿದ್ದ ಬ್ಯಾರಿಸ್ಟರ್ ಲಂಡನ್ನಿನಲ್ಲಿ ವಾದಿಸಿದರು. ನಾನು ಅನುಮತಿ ಪಡೆದು ಮನೆಯಲ್ಲೇ ವಿಡಿಯೊದಲ್ಲಿ ನೋಡುತ್ತಾ ಕೂತೆ. ಕರೆಂಟು ಹೋಗಿತ್ತು. ಯುಪಿಎಸ್ ಕೈಕೊಡದಿರಲಿ ಅಂತ ಅಮ್ಮ ಫ್ಯಾನು, ಟಿ.ವಿ., ಫ್ರಿಜ್ಜು ಎಲ್ಲ ಆರಿಸಿದ್ದಳು. ಕೊಬ್ಬರಿ ವ್ಯಾಪಾರಕ್ಕೆ ಹೋಗಬೇಕಿದ್ದ ಅಪ್ಪ ಹೋಗಿರಲಿಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೂ ಎರಡು ತಾಸು ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ತೀರ್ಪು ಕೆಲವು ವಾರದ ನಂತರ ಬಂತು. ಭಾಷೆಯ ಕಾರಣದಲ್ಲಿ ಸೋತೆ. ಕೆಳ ನ್ಯಾಯಮಂಡಳಿಯ ವಿವರಣೆ ಚಿಕ್ಕದಾದರೂ ಸಾಕಷ್ಟಿದೆ ಎಂದರು. ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡಿದ್ದಕ್ಕೆ ಬೈಸಿಕೊಂಡದ್ದೇ ನನಗೆ ಎಲ್ಲಕ್ಕಿಂತ ನೋವಿನ ಸಂಗತಿ. ಅದರಲ್ಲೇ ಸೋತೆ. ನಗುವಿನ ಕಾರಣದಲ್ಲಿ ಗೆದ್ದೆ. ಒಬ್ಬರು ನಕ್ಕರು ಎಂಬುದು ಒಂದು ಸಂಗತಿ ಮಾತ್ರ, ಅದೇ ಉತ್ತರವಲ್ಲ, ಅಧಿಕಾರದಲ್ಲಿರುವವರ ಮುಂದೆ ಜನ ಅನೇಕ ಕಾರಣಕ್ಕೆ ನಗುತ್ತಾರೆ, ಡೈರಿಯನ್ನು ಪರಿಗಣಿಸಬೇಕಿತ್ತು, ಘಟನೆಗಳನ್ನು ಒಟ್ಟಾಗಿ ನೋಡಬೇಕಿತ್ತು – ಹೀಗೆ ಹೇಳಿ ಆ ಒಂದು ದೂರನ್ನು ಅದೇ ನ್ಯಾಯಮಂಡಳಿಗೆ ಮರಳಿಸಿದರು. ಈಗಾಗಲೇ ಇರುವ ಸಾಕ್ಷ್ಯದ ಮೇಲೆ ಅವರು ಮತ್ತೆ ಯೋಚಿಸಬೇಕು. ಅದರ ಫಲಿತಾಂಶ ಇನ್ನೂ ಬಂದಿಲ್ಲ. ಮತ್ತೆ ಸೋಲಬಹುದು.

‘ಗೆದ್ದೆಯಾ?’ ಅಪ್ಪ ಕೇಳಿದರು.

‘ಐದರಲ್ಲಿ ಒಂದನ್ನು ಮತ್ತೆ ನೋಡ್ತಾರಂತೆ’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಡೈರಿ ಓದಿದ್ರಾ ಅವರು?’ ಅಂದರು.

‘ಓದಿದ್ರು.’

‘ಹಂಗಾದ್ರೆ ಆಯ್ತು ಬಿಡು.’

ಯಾರ ನಗು

ಇಷ್ಟಕ್ಕೇ ನಿಲ್ಲಿಸಿದರೆ ನನ್ನದು ಅರ್ಧ ಸತ್ಯವಾಗುತ್ತದೆ.

ಬ್ಯಾರಿಸ್ಟರ್ ‘ಎಷ್ಟು ಸಲ ನಕ್ಕಿರಿ’ ಎಂದು ಕೇಳಿದ ಆ ಕ್ಷಣ ನನಗೆ ನೆನಪಾದದ್ದು ಬೆಂಗಳೂರಿನ ಹಾಸ್ಟೆಲ್ಲು. ಅಲ್ಲಿ ನಮ್ಮ ಜೊತೆ ಮಣಿಪುರದ ಹುಡುಗಿಯೊಬ್ಬಳಿದ್ದಳು. ಅವಳ ಕಣ್ಣು, ಅವಳ ಊಟದ ವಾಸನೆ, ಅವಳ ಹೆಸರು ಎಲ್ಲವೂ ನಮಗೆ ತಮಾಷೆ. ನಾನೂ ಅಡ್ಡಹೆಸರಿಟ್ಟು ಕರೆದಿದ್ದೇನೆ. ಅವಳೂ ನಗುತ್ತಿದ್ದಳು. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದ್ದನ್ನು ಟಿ.ವಿ.ಯಲ್ಲಿ ನೋಡಿ ಬೆಳೆದವಳು ನಾನು. ಆದರೂ ನನ್ನ ತಮಾಷೆಗೂ ಆ ಭಯಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಊರಿಗೆ ಬಂದ ಮೇಲೆ ಅವಳ ನಂಬರ್ ಹುಡುಕಿ ಕ್ಷಮೆ ಕೇಳಿ ಸಂದೇಶ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: ‘ನನಗೆ ನೆನಪಿದೆ. ನಿನಗೂ ನೆನಪಿದೆ ಅಂತ ಗೊತ್ತಿರಲಿಲ್ಲ.’ ಅಷ್ಟೇ. ಕ್ಷಮಿಸಿದ್ದೇನೆ ಎಂದು ಅವಳು ಬರೆಯಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಮನೆಯಲ್ಲೂ ಒಂದಿತ್ತು. ತೋಟದಲ್ಲಿ ಕಾಯಿ ಸುಲಿಯಲು ಬರುವ ಹಿರಿಯರೊಬ್ಬರ ಲೋಟ ನಮ್ಮ ಕೊಟ್ಟಿಗೆಯ ಗೂಡಿನಲ್ಲಿರುತ್ತದೆ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ. ಬ್ರಿಟನ್ನಿಗೆ ಹೋಗಿ ಸಮಾನತೆಯ ಕಾಯ್ದೆಯನ್ನು ಸೆಕ್ಷನ್ ಸಮೇತ ಕಲಿತು ಬಂದವಳ ಕಣ್ಣಿಗೆ ಅದು ಬಿದ್ದದ್ದು ಮೂರನೇ ವಾರ. ಜಾತಿಯ ಪ್ರಶ್ನೆ ಆ ಕಾಯ್ದೆಯ ಮುಂದೂ ಹೋಗಿದೆ. ಭಾರತೀಯ ಮೂಲದ ಮನೆಯೊಂದರಲ್ಲಿ ದುಡಿಯುತ್ತಿದ್ದ ಭಾರತದ ಹೆಣ್ಣುಮಗಳೊಬ್ಬಳ ಕೇಸಿನಲ್ಲಿ, ಜಾತಿಯೂ ಜನಾಂಗೀಯ ಮೂಲದಡಿ ಬರಬಹುದು ಎಂದು ಇದೇ ಮೇಲ್ಮನವಿ ನ್ಯಾಯಮಂಡಳಿ 2014ರ ಡಿಸೆಂಬರಿನಲ್ಲಿ ಹೇಳಿತು. ಅಂದರೆ ಆ ನ್ಯಾಯಮಂಡಳಿಯಲ್ಲಿ ನಮ್ಮವರು ಎರಡೂ ಕಡೆಯ ಕುರ್ಚಿಯಲ್ಲಿ ಕೂತಿದ್ದಾರೆ.

ಲೋಟವನ್ನು ತೊಳೆದು ಅಡುಗೆಮನೆಯ ಸ್ಟ್ಯಾಂಡಿನಲ್ಲಿಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಮರುದಿನ ಅದು ಮತ್ತೆ ಗೂಡಿನಲ್ಲಿತ್ತು. ಮತ್ತೆ ತಂದಿಟ್ಟೆ. ಆ ಹಿರಿಯರೇ ‘ಇರಲಿ ಬುಡವ್ವ, ಎಲ್ಲಿದ್ರೇನು’ ಅಂತ ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು.

ಹೊರಡುವವರಿಗೆ, ಇಲ್ಲೇ ಇರುವವರಿಗೆ

ಅನುಭವದಿಂದ ಕಲಿತ ಕೆಲವು ಮಾತು.

ಬರೆದಿಡಿ. ಏನಾಯಿತು, ಯಾವ ದಿನ, ಎಷ್ಟು ಹೊತ್ತಿಗೆ, ಯಾರಿದ್ದರು, ನಿಮಗೆ ಏನನ್ನಿಸಿತು. ಯಾವ ಭಾಷೆಯಲ್ಲಾದರೂ ಸರಿ. ನನ್ನ ಕೇಸು ಇನ್ನೂ ಜೀವಂತವಾಗಿರುವುದು ಕನ್ನಡದ ಎರಡು ವಾಕ್ಯಗಳಿಂದ.

ಸಾಕ್ಷಿಗಳನ್ನು ಮೊದಲೇ ಕೇಳಿ. ಅವರು ಇಲ್ಲವೆನ್ನಬಹುದು. ಕೇಳದೇ ಬಿಟ್ಟರೆ ಆಮೇಲೆ ಕೇಳಲು ಜಾಗವಿರುವುದಿಲ್ಲ.

ಗಡುವುಗಳನ್ನು ಗೋಡೆಗೆ ಅಂಟಿಸಿ. ನನ್ನ ಪ್ರಕರಣದ ಹೊತ್ತಿಗೆ ಬ್ರಿಟನ್ನಿನಲ್ಲಿ ತಾರತಮ್ಯದ ದೂರಿಗೆ ಇದ್ದ ಅವಧಿ ಮೂರು ತಿಂಗಳಿಗೆ ಒಂದು ದಿನ ಕಡಿಮೆ. ನೀವು ಹೋಗುವ ಹೊತ್ತಿಗೆ ಎಷ್ಟಿದೆ ಎಂದು ನೋಡಿಕೊಳ್ಳಿ.

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕಾರ್ಮಿಕ ಸಂಘದ ಸದಸ್ಯರಾಗಿ. ನಾನು ಚಂದಾ ಉಳಿಸಲು ಹೋಗಿ ಆಗಲಿಲ್ಲ. ಮೂರು ದಿನ ಒಬ್ಬಳೇ ನಿಂತೆ.

ನಮ್ಮಲ್ಲಿ ಖಾಸಗಿ ಉದ್ಯೋಗದ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಅಂಥ ಒಂದೇ ಸಮಗ್ರ ಕಾಯ್ದೆ ಇಲ್ಲ. ಇರುವುದನ್ನಾದರೂ ತಿಳಿದಿರಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಡಿ ದೂರು ಕೊಡಲು ಮೂರು ತಿಂಗಳು. ಆಂತರಿಕ ಸಮಿತಿಯ ಶಿಫಾರಸು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 90 ದಿನ. ದೂರು ವಜಾ ಆದರೆ ಅಲ್ಲಿಗೆ ಮುಗಿಯಿತು ಎಂದುಕೊಂಡು ಮನೆಗೆ ಹೋಗುವವರೇ ಹೆಚ್ಚು.

ಸೋತ ತೀರ್ಪನ್ನು ಪೂರ್ತಿ ಓದಿ. ಅಳು ಬಂದರೆ ಅತ್ತು ಓದಿ. ಮುಂದಿನ ದಾರಿ ಇದ್ದರೆ ಅದು ಆ ಪುಟಗಳಲ್ಲೇ ಇರುತ್ತದೆ. ಇಲ್ಲವೆಂದಾದರೆ ಅದೂ ತಿಳಿಯುತ್ತದೆ, ನಿಲ್ಲಿಸಬಹುದು. ನಿಲ್ಲಿಸುವುದು ತಪ್ಪಲ್ಲ.

ನಾನೀಗ ತುಮಕೂರಿನ ಕಂಪನಿಯೊಂದರ ಉಗ್ರಾಣ ವಿಭಾಗದಲ್ಲಿದ್ದೇನೆ. ಸಾಲದ ಕಂತು ನಡೆಯುತ್ತಿದೆ. ನನ್ನ ಕೈಕೆಳಗೆ ಒಂಬತ್ತು ಜನ. ಬಿಹಾರದಿಂದ ಮೂವರು, ಅಸ್ಸಾಮಿನಿಂದ ಇಬ್ಬರು. ಸೇರಿದ ಮೊದಲ ದಿನ ಎಲ್ಲರ ಪೂರ್ತಿ ಹೆಸರನ್ನೂ ಅವರ ಬಾಯಿಂದಲೇ ಎರಡೆರಡು ಸಲ ಹೇಳಿಸಿ ಬರೆದುಕೊಂಡೆ. ಅಸ್ಸಾಮಿನ ಹುಡುಗನ ಹೆಸರು ನನ್ನ ಬಾಯಲ್ಲಿ ಇನ್ನೂ ಸರಿಯಾಗಿ ಹೊರಳುವುದಿಲ್ಲ. ಅವನು ತಿದ್ದುತ್ತಾನೆ, ನಾನು ಮತ್ತೆ ಹೇಳುತ್ತೇನೆ.

ಶನಿವಾರ ಊರಿಗೆ ಹೋದಾಗ ಮೊದಲು ಕೊಟ್ಟಿಗೆಯ ಗೂಡು ನೋಡುತ್ತೇನೆ. ಹೋದ ಎರಡು ವಾರ ಅದು ಖಾಲಿಯಿತ್ತು.